ಉಗುರಿನಷ್ಟು ಹೋಳಿಗೆ

ತಂಗಿ ಭಾಗ್ಯಶ್ರೀಯ ತಾಟಿಗೆ ಜಗದೇವಿ ಬೇಕಂತಲೇ ಎರಡು ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದಳು. ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡು ಅರ್ಧದಷ್ಟಾಗಿ ಬಂದವಳ ಸುತ್ತ ದಂಡೋತಿ ಊರಿನ ಹೆಂಗಸರೆಲ್ಲ ಕೂತಿದ್ದರು. "ಭಾಳ ಬ್ಯಾನಿ ಆಯ್ತೇನವ್ವ? ಹಸಿವಿ ಆಗ್ತದೇನು?" ಎಂದು ಒಂದೇ ಸಮನೆ ಕೇಳುತ್ತಿದ್ದರು. ಹೋಳಿಗೆ ಮಾಡಿದ ಜಗದೇವಿಯನ್ನು ಯಾರೂ ಮಾತಾಡಿಸಿರಲಿಲ್ಲ.

"ನೀನೂ ಆಪರೇಷನ್ ಮಾಡಿಸ್ಕೋ ಅಕ್ಕಾ. ಅಂಜಬ್ಯಾಡ, ನಾ ಜೋಡಿ ಬರ್ತೀನಿ," ಎಂದಳು ಭಾಗ್ಯಶ್ರೀ.

"ಮೊದಲು ಉಣ್ಣು. ಒಂದೇ ಸಲಕ್ಕ ಆರು ತಿಂತಿದ್ದಿ, ಮರತಿ ಏನು?" ಎಂದ ಜಗದೇವಿ ತಾನೂ ತಾಟು ಹಾಕಿಕೊಂಡು ಎದುರಿಗೇ ಕೂತಳು. ತಂಗಿ ಹೋಳಿಗೆಯ ಆಸೆಗೆ ಸೋಲುವುದನ್ನು ಅವಳು ಹತ್ತಿರದಿಂದ ನೋಡಬೇಕಿತ್ತು.

ಭಾಗ್ಯಶ್ರೀ ಉಗುರಿನಷ್ಟು ಚೂರು ಮುರಿದು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದಳು. ಅಗಿದಳು, ಅಗಿಯುತ್ತಲೇ ಇದ್ದಳು. "ಯಾಲಕ್ಕಿ ಜೋಡಿ ಜಾಜಿಕಾಯಿನೂ ಹಾಕೀದಿ ಅಲ್ಲೇನಕ್ಕಾ? ಮೊದಲ ನಂಗ ತಿಳೀತಾನೇ ಇದ್ದಿಲ್ಲ," ಎಂದು ನಕ್ಕು ತಾಟು ಸರಿಸಿದಳು. "ಸಾಕು, ಹೊಟ್ಟಿ ತುಂಬ್ತು."

ಜಗದೇವಿ ತನ್ನ ತಾಟು ನೋಡಿಕೊಂಡಳು. ಮೂರು ಹೋಳಿಗೆ ಆಗಲೇ ಮುಗಿದಿದ್ದವು. ಜಾಜಿಕಾಯಿ ತೇಯ್ದು ಹಾಕಿದವಳು ಅವಳೇ, ಆದರೆ ಅದರ ರುಚಿ ಅವಳ ನಾಲಿಗೆಗೆ ಸಿಕ್ಕಿರಲೇ ಇಲ್ಲ. ಆ ರುಚಿಯೆಲ್ಲ ತಂಗಿ ಮುರಿದ ಹೋಳಿಗೆಯಲ್ಲೇ ಉಳಿದಿದೆಯೇನೋ ಎಂಬಂತೆ, ಆ ತಾಟನ್ನು ಸರಕ್ಕನೆ ತನ್ನತ್ತ ಎಳೆದುಕೊಂಡಳು.