ಹೊಂಗೆಯ ಬೆವರು

ಕೋಯಂಬೇಡು ಮಾರುಕಟ್ಟೆಯಿಂದ ತಂದ ಸೊಪ್ಪಿನ ಕವರ್ ಬಿಚ್ಚಿದಾಗ ಬರುವ ಬೆಚ್ಚನೆಯ ಹಸಿ ವಾಸನೆ ಇಂದಿಗೂ ನನ್ನನ್ನು ಕೀಲ್ಪಾಕಿನ ನಮ್ಮ ಹಳೆಯ ವಠಾರಕ್ಕೆ ಎಳೆದೊಯ್ಯುತ್ತದೆ.

ಆ ಬೇಸಿಗೆ ಬೋರ್‌ವೆಲ್ ಬತ್ತಿತ್ತು. ಅಂಗಳದ ಹೊಂಗೆಮರವೇ ನೀರೆಲ್ಲ ಕುಡಿಯುತ್ತಿದೆ, ಕಡಿಸಬೇಕು ಎಂದು ಅಕ್ಕಪಕ್ಕದವರು ಗೊಣಗುತ್ತಿದ್ದರು. ಬೇಸಿಗೆಯಲ್ಲಿ ಕಾಡುಗಳು ಗಾಳಿಗೆ ಎಷ್ಟು ನೀರು ಬಿಡುತ್ತವೆ ಎಂದು ಅಳೆಯುವುದೇ ಅಪ್ಪನ ಕೆಲಸ. ಮರವನ್ನು ಉಳಿಸಲೆಂದು ಅವರು ಹೊಸದಾಗಿ ಚಿಗುರಿದ ಕೊಂಬೆಯೊಂದಕ್ಕೆ ಪ್ಲಾಸ್ಟಿಕ್ ಕವರ್ ಕಟ್ಟಿದರು. ಮಧ್ಯಾಹ್ನದ ಹೊತ್ತಿಗೆ ಒಳಗೆಲ್ಲ ಹನಿ ಕೂತು, ಮೂಲೆಯಲ್ಲಿ ಒಂದು ಗುಟುಕು ನೀರು ನಿಂತಿತ್ತು.

"ನೋಡಿ ಸಾರ್, ಕುಡಿದದ್ದನ್ನ ಹೀಗೆ ಗಾಳಿಗೆ ಬಿಡುತ್ತೆ. ಅದಕ್ಕೇ ಇಲ್ಲಿ ತಂಪು," ಎಂದರು ಅಪ್ಪ.

ನಾವು ಬ್ಯಾಂಕ್ ಮಾಮ ಎನ್ನುತ್ತಿದ್ದ ಕೆಳಮನೆಯವರು ಕವರನ್ನು ಅಂಗೈಯಲ್ಲಿ ತೂಗಿ ನೋಡಿದರು. "ಅಯ್ಯೋ, ಒಂದು ಕೊಂಬೇಲೇ ಇಷ್ಟು ತಣ್ಣಿ, ಇಷ್ಟು ನೀರು ವೇಸ್ಟಾ? ಪೂರ್ತಿ ಮರಕ್ಕೆ ಎಷ್ಟಾಯ್ತು ಸಾರ್? ನೀವೇ ಪ್ರೂಫ್ ಕೊಟ್ರಲ್ಲ!"



ಮರುದಿನವೇ ಮರ ಉರುಳಿತು. ಬೋರ್‌ವೆಲ್‌ನಲ್ಲಿ ನೀರೇನೂ ಬರಲಿಲ್ಲ. ನೆರಳಿಲ್ಲದ ಅಂಗಳದಲ್ಲಿ, ಕಡಿದು ಹಾಕಿದ ಕೊಂಬೆಗಳ ರಾಶಿಯಲ್ಲಿ, ಆ ಕವರ್ ಕಟ್ಟಿದಂತೆಯೇ ಇತ್ತು. ಒಳಗೆ ಎಲೆಗಳು ಇನ್ನೂ ಬೆವರುತ್ತಿದ್ದವು.

ನಾನು ಬಿಚ್ಚಲು ಹೋದೆ. ಅಪ್ಪ ಕೈ ಹಿಡಿದರು.

"ಬೇಡ, ಬಿಡು. ಅದಕ್ಕಿನ್ನೂ ಗೊತ್ತಾಗಿಲ್ಲ."