ಉಳಿಸಲಾಗಿದೆ

"ಒಂದು ವಾಕ್ಯಾನೂ ಇಲ್ವೇನ್ರೀ?" ಧ್ವನಿ ಚಿಕಿತ್ಸಕಿ ಮೂರನೆಯ ಸಲ ಕೇಳಿದಳು. ಆಸ್ಪತ್ರೆಯ ಸರ್ವರ್ ನೋಡಿಕೊಳ್ಳುವವನು ಪರದೆಯಿಂದ ಕಣ್ಣು ಕೀಳದೆ ಇಲ್ಲವೆಂದು ತಲೆಯಾಡಿಸಿದ. ಕರೆಂಟು ಹೋಗಿದ್ದು ನಾಲ್ಕೇ ನಿಮಿಷ. ಬೆಳಗಿನಿಂದ ಓದಿಸಿ ದಾಖಲಿಸಿದ್ದ ನೂರ ಹನ್ನೆರಡು ವಾಕ್ಯಗಳು ಅಷ್ಟರಲ್ಲೇ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿದ್ದವು.

ಗಾಜಿನಾಚೆಯ ಪುಟ್ಟ ಕೋಣೆಯಲ್ಲಿ ಹರಾಜು ಕೂಗುವ ಮುದುಕ ಮೈಕಿನ ಮುಂದೆ ಕೂತಿದ್ದ. ಪಕ್ಕದಲ್ಲಿ ಅವನ ಹೆಂಡತಿ. ನಾಳೆ ಬೆಳಿಗ್ಗೆ ಎಂಟಕ್ಕೆ ಅವನ ಧ್ವನಿಪೆಟ್ಟಿಗೆಯನ್ನು ತೆಗೆಯುತ್ತಾರೆ. ಮುಂದೆ ಅವನು ಬೆರಳಲ್ಲಿ ಒತ್ತಿದ್ದನ್ನು ಯಂತ್ರ ಅವನದೇ ದನಿಯಲ್ಲಿ ಆಡಬೇಕಾದರೆ ಆ ದನಿ ಇವತ್ತೇ ಸಿಗಬೇಕು.

"ಪ್ರತಿ ವಾಕ್ಯಕ್ಕೂ 'ಉಳಿಸಲಾಗಿದೆ' ಅಂತ ತೋರಿಸ್ತಲ್ಲ! ಕಣ್ಣಾರೆ ನೋಡಿದೀನಿ."

"ತೋರಿಸಿದ್ದು ನಿಮ್ಮ ಕಂಪ್ಯೂಟರ್, ಮೇಡಂ. ಅದು ನಿಜವಾದ್ದಲ್ಲ, ಕೆಳಗಿರೋ ದೊಡ್ಡ ಸರ್ವರಿನೊಳಗೆ ಓಡೋ ವರ್ಚುಯಲ್ ಮಷೀನು. ಅದು 'ಬರ್ಕೋ' ಅಂತು, ದೊಡ್ಡದು 'ಬರ್ಕೊಂಡೆ' ಅಂತು, ಇದು ನಂಬ್ತು. ಡಿಸ್ಕಿಗೆ ಹೋಗಿದ್ದು ಸ್ವಲ್ಪ, ಮಿಕ್ಕಿದ್ದು ಮೆಮೊರೀಲೇ ಇತ್ತು. ಈಗ ಯಾವ ಫೈಲ್ ಎಲ್ಲಿದೆ ಅನ್ನೋ ಪಟ್ಟಿನೇ ಅರ್ಧಂಬರ್ಧ. ಬ್ಯಾಕಪ್ ನಿನ್ನೇದು."

"ಬರೆಯೋ ಮುಂಚೇನೇ ಬರೆದೆ ಅನ್ನು ಅಂತ ಅದಕ್ಕೆ ಹೇಳ್ಕೊಟ್ಟೋರು ಯಾರು?"

"ನಾನೇ. ಒಂದೊಂದು ವಾಕ್ಯಕ್ಕೂ ಹತ್ತು ಸೆಕೆಂಡು ಕಾಯ್ಬೇಕು, ಇದಕ್ಕಿಂತ ಬಸವನಹುಳು ವಾಸಿ ಅಂತ ಹೋದ ತಿಂಗಳು ಫೋನಲ್ಲಿ ಕೂಗಾಡಿದ್ರಲ್ಲ? ಮೊದಲು ಮೆಮೊರೀಲಿಟ್ಕೊಂಡು ಆಮೇಲೆ ನಿಧಾನಕ್ಕೆ ಡಿಸ್ಕಿಗೆ ಬರೆಯೋ ಹಾಗೆ ಮಾಡ್ಕೊಟ್ಟೆ. ನೀವು ಥ್ಯಾಂಕ್ಸೂ ಹೇಳಿದ್ರಿ."

ಹೇಳಿದ್ದಳು. ಅದು ನೆನಪಾಗಿ ಅವಳ ಸಿಟ್ಟು ಇನ್ನಷ್ಟು ಏರಿತು.

"ಈ ಸಲ ನಿಮ್ಮ ಸರ್ವರೂ ಬೇಡ, ಅದರಪ್ಪನೂ ಬೇಡ" ಎಂದು ಬ್ಯಾಟರಿಯ ರೆಕಾರ್ಡರ್ ಹಿಡಿದು ಒಳಗೆ ಹೋದಳು. ನಡೆದದ್ದನ್ನು ಇಬ್ಬರಿಗೂ ಮುಚ್ಚಿಡದೆ ಹೇಳಿದಳು. ಗಂಟಲು ಊದಿದೆ, ಇನ್ನು ಅರ್ಧ ಗಂಟೆ ಮಾತ್ರ ಎಂದು ಡಾಕ್ಟರ ಆಜ್ಞೆ. ಇಪ್ಪತ್ತು ವಾಕ್ಯ ಆದರೆ ಹೆಚ್ಚು. ಅಷ್ಟರಿಂದ ಯಂತ್ರ ಹೊಸ ಮಾತು ಕಟ್ಟಲಾರದು. ಓದಿದ್ದನ್ನೇ ಮರಳಿ ನುಡಿಯುತ್ತದೆ, ಅಷ್ಟೆ.

ಮುದುಕ ಓದಬೇಕಾದ ವಾಕ್ಯಗಳ ಪಟ್ಟಿ ತೆಗೆದುಕೊಂಡ. "ದಯವಿಟ್ಟು ನೀರು ಕೊಡಿ." ದನಿ ಬಿರುಕು ಬಿಟ್ಟಿತು. "ದಯವಿಟ್ಟು ಫ್ಯಾನ್ ಹಾಕಿ." ಕೆಮ್ಮು. ಮೂರನೆಯದಕ್ಕೆ ಬಂದವನು ಪಟ್ಟಿಯನ್ನು ಎತ್ತಿ ಎಸೆದ. ಬಾಗಿಲಲ್ಲಿ ಪೆಚ್ಚಾಗಿ ನಿಂತಿದ್ದ ಸರ್ವರಿನವನತ್ತ ಬೆರಳು ಚಾಚಿ, ಮಾರುಕಟ್ಟೆಯ ಕಟ್ಟಕಡೆಯ ಸಾಲಿಗೂ ಕೇಳುವಂತೆ ಗುಡುಗಿದ:

"ಏನಯ್ಯಾ, ಮಾಲು ಗೋದಾಮು ಸೇರೋ ಮುಂಚೆ ಸೇರ್ತು ಅನ್ನೋದಾ? ನಮ್ಮ ಹರಾಜು ಕಟ್ಟೆ ಮೇಲೆ ಆಗಿದ್ರೆ ನಿನ್ನ ಕಿವಿ ಹಿಂಡಿ ಕೆಳಗಿಳಿಸ್ತಿದ್ದೆ! ನಲವತ್ತು ವರ್ಷ ಕೂಗಿದೀನಿ ಕಣಯ್ಯಾ, ಒಂದು ಸುಳ್ಳು ಕೂಗಿಲ್ಲ!"

ಬಿರುಕಿಲ್ಲ, ಕೆಮ್ಮಿಲ್ಲ. ಬೆಳಗಿನಿಂದ ಅಂಥ ದನಿ ಒಂದು ಸಲವೂ ಬಂದಿರಲಿಲ್ಲ.

"ಅಯ್ಯೋ, ಇದೂ ರೆಕಾರ್ಡ್ ಆಯ್ತು" ಎಂದು ಚಿಕಿತ್ಸಕಿ ಅಳಿಸುವ ಗುಂಡಿಗೆ ಬೆರಳಿಟ್ಟಳು. "ಸರ್, ಇರೋ ದನೀನ ಬೈಗುಳಕ್ಕೆ ದಂಡ ಮಾಡ್ಬೇಡಿ. ಇನ್ನು ಹದಿನೇಳೇ ಉಳಿದಿರೋದು."

ಮುದುಕನ ಹೆಂಡತಿ ಅವಳ ಕೈ ಹಿಡಿದುಕೊಂಡಳು.

"ಅಳಿಸ್ಬೇಡಮ್ಮ. ನೀರು, ಫ್ಯಾನು ಇವರು ಕೈಸನ್ನೇಲೇ ಕೇಳ್ತಾರೆ. ನನ್ನ ಬೈಯೋಕೆ ದನಿ ಬೇಕು."