ಹೋಗ್ತೀನಿ ಅನ್ನದವರು

ಬೆಳಗಿನ ಉಪ್ಪಿಟ್ಟಿಗೆ ಒಂಬತ್ತು ಮಂದಿ ಅತ್ತೆಯರು ಸಾಲಾಗಿ ಕುಳಿತಿದ್ದರು. ನಿಜವಾದ ಅತ್ತೆ ಒಬ್ಬರೇ. ಉಳಿದವರು ಹಿಂದಿನ ದಿನಗಳಲ್ಲಿ ಕರಗದೆ ಉಳಿದ ಅವರ ಪ್ರತಿಗಳು.

ಒಬ್ಬರಿಂದಲೇ ಏಕಕಾಲದಲ್ಲಿ ಹಲವು ಕೆಲಸ ಮಾಡಿಸಲು ಇಂಥ ಪ್ರತಿಗಳನ್ನು ಹುಟ್ಟಿಸುವ ಆಜ್ಞೆಗಳ ಭಾಷೆಯನ್ನು ರೂಪಿಸಿದವಳು ಸೊಸೆ ಚೂಡಾಮಣಿಯೇ. 'ಕವಲಾಗು' ಅಂದವರು ಇಬ್ಬರಾಗುತ್ತಾರೆ; ಒಬ್ಬರು ಬ್ಯಾಂಕಿಗೆ, ಇನ್ನೊಬ್ಬರು ಅಡುಗೆಗೆ. ಕೆಲಸ ಮುಗಿದ ಮೇಲೆ ಪ್ರತಿಯು 'ಹೋಗ್ತೀನಿ' ಅನ್ನಬೇಕು. ಆಗ ಅದು ಕರಗಿ, ಅದರ ನೆನಪು ಮೂಲದವರನ್ನು ಸೇರುತ್ತದೆ. ಎಲ್ಲರ ಬಾಯಲ್ಲಿರುವ ಸುಲಭದ ಮಾತೇ ಇರಲಿ ಎಂದು ಅವಳೇ ಭಾಷೆಗೆ ಒಪ್ಪಿಗೆ ಕೊಡುವ ಸಮಿತಿಯಲ್ಲಿ ಹಟ ಹಿಡಿದಿದ್ದಳು. ಆದರೆ ಯಾವ ಮನೆಯ ಪ್ರತಿಯೂ ಆ ಮಾತು ಆಡುತ್ತಿಲ್ಲ; ಈಗ ಊರಿನಲ್ಲಿ ಕೂರಲು ಜಾಗವಿಲ್ಲ. ಸಂಜೆಯೊಳಗೆ ಪ್ರತಿಗಳು ಕರಗದಿದ್ದರೆ ಭಾಷೆಯನ್ನೇ ರದ್ದು ಮಾಡುತ್ತೇವೆಂದು ಸಮಿತಿ ಪತ್ರ ಕಳಿಸಿದೆ.

"ಒಂದೇ ಒಂದು ಮಾತು, ಅತ್ತೆ. ಹೋಗ್ತೀನಿ ಅನ್ನಿ, ಸಾಕು."

"ಹೊಸ್ತಿಲು ದಾಟೋವಾಗ ಯಾರಾದ್ರೂ ಹಾಗಂತಾರೇನೇ? ಸತ್ತೋರು ಹೋಗ್ತಾರೆ. ನಾವು ಹೋಗಿ ಬರ್ತೀವಿ," ಎಂದರು ಮಂಗಳವಾರದ ಅತ್ತೆ. ಉಳಿದ ಎಂಟು ಮಂದಿ ತಲೆಯಾಡಿಸಿದರು.

"ಎಲ್ಲಾ ಮೂಢನಂಬಿಕೆ," ಎಂದು ಚೂಡಾಮಣಿ ಸಿಡುಕಿದಳು. "ನಾನೇ ಮಾಡಿ ತೋರಿಸ್ತೀನಿ, ನೋಡಿ."

ಅವಳು ಕವಲಾದಳು. ಅವಳ ಪ್ರತಿ ದಡದಡನೆ ನಡೆದು, ಚಪ್ಪಲಿ ಮೆಟ್ಟಿ, ಬಾಗಿಲಲ್ಲಿ ನಿಂತು ಹಿಂತಿರುಗಿ ನೋಡಿತು. ನಾಲ್ಕು ವರ್ಷದ ಮಗಳು ಕೈ ಬೀಸುತ್ತಿದ್ದಳು. ಪ್ರತಿಯು ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು.

"ಹೋಗಿ ಬರ್ತೀನಿ, ಪುಟ್ಟಿ."

ಅತ್ತೆಯರಲ್ಲೊಬ್ಬರು ಎದ್ದುಹೋಗಿ, ಮಧ್ಯಾಹ್ನದ ಅನ್ನಕ್ಕೆ ಇನ್ನೊಂದು ಹಿಡಿ ಅಕ್ಕಿ ಹಾಕಿದರು.